ಮಕ್ಕಳಿಗೆ ಹಾಡು ಇಲ್ಲದಿದ್ದರೆ ಬರೆಸಬೇಕು

ಮಾನ್ಯ ಸಂಪಾದಕರೇ,

ಟಿವಿ ಹಾಡಿನ ಸ್ಪರ್ಧೆಗಳಲ್ಲಿ ಏಳೆಂಟು ವರ್ಷದ ಮಕ್ಕಳು ದೊಡ್ಡವರ ವಿರಹಗೀತೆ ಹಾಡುವುದರ ಬಗ್ಗೆ ಕಳೆದ ವಾರ ಈ ಅಂಕಣದಲ್ಲಿ ಓದುಗರೊಬ್ಬರು ಬೇಸರ ತೋಡಿಕೊಂಡಿದ್ದರು. ನನಗೂ ಅದೇ ಬೇಸರ. ಆದರೆ ‘ಮಕ್ಕಳಿಗೆ ಬೇರೆ ಹಾಡು ಎಲ್ಲಿದೆ’ ಎಂದು ಅವರು ಕೈಚೆಲ್ಲಿದ್ದು ಮಾತ್ರ ಸರಿ ಕಾಣಲಿಲ್ಲ. ಇಲ್ಲದಿದ್ದರೆ ಬರೆಸಬೇಕು, ಅಲ್ವಾ? ಹಾಗೆ ಬರೆಸುವ ಒಂದು ದೇಶವನ್ನು ನೋಡಿಕೊಂಡು ಬಂದಿದ್ದೇನೆ.

2022ರ ಕೊನೆಯಲ್ಲಿ ಮಗಳ ಬಾಣಂತನಕ್ಕೆ ಡಬ್ಲಿನ್‌ಗೆ ಹೋಗಿದ್ದೆ. ದೊಡ್ಡ ಮೊಮ್ಮಗಳು ಅಲ್ಲಿ ಪ್ರೈಮರಿ ಶಾಲೆಗೆ ಹೋಗುತ್ತಾಳೆ. ಐರ್ಲೆಂಡಿನ ಶಾಲೆಗಳಲ್ಲಿ ಐರಿಷ್ ಭಾಷೆ ಕಲಿಯಲೇಬೇಕು. ಡಬ್ಲಿನ್‌ನಲ್ಲಿ ಬೀದಿ, ಬಸ್ಸು, ಅಂಗಡಿ ಎಲ್ಲ ಕಡೆ ಕಿವಿಗೆ ಬೀಳುವುದು ಮಾತ್ರ ಇಂಗ್ಲಿಷೇ. ‘ನಿನಗೆ ಎಷ್ಟು ಐರಿಷ್ ಬರುತ್ತೆ’ ಎಂದು ಕೇಳಿದರೆ ಇವಳು ಒಂದೇ ಉಸಿರಿಗೆ ಉದ್ದನೆಯ ಸಾಲೊಂದನ್ನು ಹೇಳಿದಳು. ಪದ್ಯ ಇರಬೇಕು ಅಂದುಕೊಂಡೆ. ಅರ್ಥ ಕೇಳಿದರೆ, ‘ಟೀಚರ್, ಟಾಯ್ಲೆಟ್‌ಗೆ ಹೋಗ್ಲಾ?’ ಶಾಲೆ ಬಿಟ್ಟು ಎಷ್ಟೋ ವರ್ಷ ಆದ ಮೇಲೂ ತಮಗೆ ನೆನಪಿರುವುದು ಅದೊಂದೇ ಸಾಲು ಎಂದು ಅಲ್ಲಿನ ದೊಡ್ಡವರೂ ತಮಾಷೆ ಮಾಡಿಕೊಳ್ಳುತ್ತಾರೆ. ತಮಾಷೆ ಪೂರ್ತಿ ಸುಳ್ಳಲ್ಲ. ಆ ವರ್ಷದ ಜನಗಣತಿಯಲ್ಲಿ ಐರಿಷ್ ಬರುತ್ತದೆ ಎಂದವರು ಸುಮಾರು 18.7 ಲಕ್ಷ ಜನ. ಶಾಲೆಯ ಹೊರಗೆ ದಿನಾ ಮಾತಾಡುವವರು ಸುಮಾರು 72 ಸಾವಿರ.

ಡಿಸೆಂಬರ್ 11, ಭಾನುವಾರ ಮಧ್ಯಾಹ್ನ 3 ಗಂಟೆ. ವಿಪರೀತ ಚಳಿ. ಕೂಸಿನ ಬಟ್ಟೆಗಳನ್ನು ಹೀಟರ್ ಮೇಲೆ ಹರವಿ ನಾನೂ ಟಿವಿ ಮುಂದೆ ಕೂತೆ. ಜೂನಿಯರ್ ಯೂರೋವಿಷನ್ ಬರುತ್ತಿತ್ತು. ಯುರೋಪಿನ ಟಿವಿ ಸಂಸ್ಥೆಗಳು ಸೇರಿ 2003ರಿಂದ ನಡೆಸುತ್ತಿರುವ ಮಕ್ಕಳ ಹಾಡಿನ ಸ್ಪರ್ಧೆ ಅದು. ಆ ಸಲ ಅರ್ಮೇನಿಯಾದ ಯೆರೆವಾನ್‌ನಲ್ಲಿ ನಡೆಯಿತು, 16 ದೇಶಗಳಿದ್ದವು. ಐರ್ಲೆಂಡಿನ ಹುಡುಗಿ ಹಾಡಲು ಬಂದಳು. ಹಾಡಿನ ಹೆಸರು ‘ಸೊಲಸ್’. ನಮ್ಮವಳು ಸೋಫಾ ಮೇಲೆ ಎದ್ದು ನಿಂತಳು. ‘ಅಜ್ಜಿ, ಈ ಪದ ನಂಗೊತ್ತು! ಬೆಳಕು ಅಂತ!’ ಐರ್ಲೆಂಡ್ ನಾಲ್ಕನೆಯದಾಯಿತು, ಫ್ರಾನ್ಸ್ ಗೆದ್ದಿತು. ಅದು ಇವಳಿಗೆ ಲೆಕ್ಕಕ್ಕೇ ಇಲ್ಲ. ಮರುದಿನ ಶಾಲೆಗೆ ಹೊರಡುವಾಗ ಶೂ ಲೇಸ್ ಕಟ್ಟಿಕೊಳ್ಳುತ್ತಾ ಅದೇ ಹಾಡು. ಅರ್ಧ ಪದ ತಪ್ಪು, ಶ್ರುತಿಯೂ ಅಷ್ಟಕ್ಕಷ್ಟೇ. ಆದರೆ ಟಾಯ್ಲೆಟ್ ಸಾಲು ಬಿಟ್ಟು ಅವಳ ಬಾಯಲ್ಲಿ ನಾನು ಕೇಳಿದ ಮೊದಲ ಐರಿಷ್ ಅದು.

ಈ ಸ್ಪರ್ಧೆಗೆ ಹಳೆಯ ಹಾಡು ನಡೆಯುವುದಿಲ್ಲ. ಹೊಸದೇ ಆಗಬೇಕು, ಮೂರು ನಿಮಿಷ ಮೀರಬಾರದು. ಹಾಡುವವರು 9ರಿಂದ 14 ವರ್ಷದ ಮಕ್ಕಳು. ಸಾಹಿತ್ಯ ಹೆಚ್ಚಿನ ಪಾಲು ಆಯಾ ದೇಶದ ಭಾಷೆಯಲ್ಲಿರಬೇಕು. ಇಂಗ್ಲಿಷೂ ಐರ್ಲೆಂಡಿನ ಅಧಿಕೃತ ಭಾಷೆಯೇ, ಹಾಗಾಗಿ ಅದರಲ್ಲೇ ಹಾಡಿಸಿ ಸುಮ್ನೆ ಇರಬಹುದಿತ್ತು. ಮಾಲ್ಟಾ ಇಂಗ್ಲಿಷ್‌ನಲ್ಲೇ ಹಾಡಿಸಿ 2013 ಮತ್ತು 2015ರಲ್ಲಿ ಗೆದ್ದಿದೆ ಕೂಡ.

ಐರ್ಲೆಂಡಿನಲ್ಲಿ ಹಾಗಾಗಲಿಲ್ಲ. ದೊಡ್ಡವರ ಯೂರೋವಿಷನ್ನನ್ನು ಏಳು ಸಲ ಗೆದ್ದ ದೇಶ ಅದು. ಆದರೆ ಅಲ್ಲಿ ಐರಿಷ್ ಹಾಡು ಕಳಿಸಿದ್ದು ಒಂದೇ ಸಲ, 1972ರಲ್ಲಿ. ದೊಡ್ಡವರ ಸ್ಪರ್ಧೆ ನೋಡಿಕೊಳ್ಳುತ್ತಿದ್ದ ಆರ್‌ಟಿಇ ಎಂಬ ಅಲ್ಲಿನ ಸಾರ್ವಜನಿಕ ಟಿವಿ ಸಂಸ್ಥೆ ಮಕ್ಕಳದಕ್ಕೆ ಕೈ ಹಾಕಲಿಲ್ಲ. 2015ರಲ್ಲಿ ಮುಂದೆ ಬಂದದ್ದು ಟಿಜಿ ಫೋರ್ ಎಂಬ ಐರಿಷ್ ಚಾನೆಲ್. 1996ರಲ್ಲಿ ಶುರುವಾದ ಇದರ ಕಚೇರಿ ಇರುವುದು ರಾಜಧಾನಿಯಲ್ಲಲ್ಲ, ಪಶ್ಚಿಮದ ಗಾಲ್ವೇ ಕಡೆಯ ಒಂದು ಹಳ್ಳಿಯಲ್ಲಿ. ಮೊದಲ ವರ್ಷ 12ನೇ ಸ್ಥಾನ. ನಾನು ನೋಡಿದ ವರ್ಷ ನಾಲ್ಕು. ಅದರ ಮುಂದಿನ ವರ್ಷ ಕಟ್ಟಕಡೆಯ ಸ್ಥಾನ. ಸೋತೆವೆಂದು ಅವರು ಭಾಷೆ ಬಿಡಲಿಲ್ಲ. 2024ರಲ್ಲಿ ಮ್ಯಾಡ್ರಿಡ್‌ಗೆ ಮತ್ತೆ ಐರಿಷ್ ಹಾಡನ್ನೇ ಹೊತ್ತುಕೊಂಡು ಹೋದರು.

ಈ ಸ್ಪರ್ಧೆಯಲ್ಲಿ ಎಲ್ಲವೂ ಚಂದ ಎಂದು ನಾನು ಹೇಳುತ್ತಿಲ್ಲ. ಮೇಕಪ್ ಜಾಸ್ತಿ, ಹೊಗೆ ಜಾಸ್ತಿ, ಕೆಲವು ಮಕ್ಕಳು ಕಿರುಚುವುದೂ ಜಾಸ್ತಿ. ಒಂದು ವಿಷಯ ಮಾತ್ರ ತುಂಬಾ ಹಿಡಿಸಿತು. 2005ರಿಂದ ಹಲವು ವರ್ಷ ಅಲ್ಲಿ ಪ್ರತಿ ಮಗುವಿಗೂ ಶುರುವಿಗೇ 12 ಅಂಕ ಕೊಟ್ಟುಬಿಡುತ್ತಿದ್ದರು. ಯಾರಿಗೂ ಸೊನ್ನೆ ಬರಬಾರದು ಅಂತ. ನಮ್ಮ ಕೆಲವು ಶೋಗಳಲ್ಲಿ ಸೋತ ಮಗುವಿನ ಕಣ್ಣೀರಿಗೇ ಕ್ಯಾಮೆರಾ ಹತ್ತಿರ ಹೋಗುತ್ತದೆ, ಹಿಂದೆ ಪಿಟೀಲು ಬೇರೆ.

ಕನ್ನಡಕ್ಕೆ ಐರಿಷ್‌ನ ಪಾಡು ಬಂದಿಲ್ಲ, ಕೋಟ್ಯಂತರ ಜನ ಮಾತಾಡುತ್ತೇವೆ. ಹಾಗಿದ್ದೂ 10 ವರ್ಷದ ಮಗು ವೇದಿಕೆ ಹತ್ತಿದರೆ ಹಾಡಲು ಸಿಗುವುದು ಸಿನಿಮಾ ಹಾಡು, ಇಲ್ಲವೇ ಅದರ ಅಜ್ಜಿ ಕಲಿತ ಶಿಶುಗೀತೆ. ಆನೆ, ಮಳೆ, ಚಂದಮಾಮ ಮುಗಿದ ಮೇಲೆ ನೇರ ಪ್ರೇಮಭಂಗ! ನಡುವಿನ ವಯಸ್ಸಿಗೆ ಏನೂ ಇಲ್ಲ. ಬರೆಯುವವರು ಇಲ್ಲವೆಂದಲ್ಲ. ನಾನು 31 ವರ್ಷ ಪಾಠ ಮಾಡಿದ್ದೇನೆ. ವಾರ್ಷಿಕೋತ್ಸವಕ್ಕೆಂದು ಎಷ್ಟೋ ಮೇಷ್ಟ್ರುಗಳು ರಾತ್ರಿ ಕೂತು ಬರೆದ ಹಾಡುಗಳು ಒಂದು ಸಂಜೆ ಕೇಳಿಸಿ ಬೀರು ಸೇರಿದ್ದನ್ನು ನೋಡಿದ್ದೇನೆ.

ಟಿವಿಯವರು ಸೀಸನ್ನಿಗೆ ಒಂದು ವಾರ ‘ಹೊಸ ಹಾಡು ಮಾತ್ರ’ ಎಂದು ನಿಯಮ ಮಾಡಲಿ. ತುಳು, ಕೊಂಕಣಿ, ಕೊಡವ, ಬ್ಯಾರಿ ಮಕ್ಕಳು ತಮ್ಮ ಮನೆಮಾತಿನಲ್ಲೇ ಹಾಡಲಿ. ಅದು ಆಗುವವರೆಗೆ ನಿಮ್ಮ ಭಾನುವಾರದ ಮಕ್ಕಳ ಪುಟದಲ್ಲಿ ವಾರಕ್ಕೊಂದು ಹೊಸ ಹಾಡಿಗೆ ಜಾಗ ಕೊಡಬಹುದಲ್ಲ? ನನ್ನ ನೋಟ್‌ಬುಕ್ಕಿನಲ್ಲೇ ನಾಲ್ಕೈದು ಇವೆ. ಒಂದು, ಬಿಸಿಯೂಟದ ಅಕ್ಕಿಗೆ ಕನ್ನ ಹಾಕುತ್ತಿದ್ದ ಹೆಗ್ಗಣದ ಮೇಲೆ. ಬೇಕಿದ್ದರೆ ಅದನ್ನೇ ಮೊದಲು ಕಳಿಸುತ್ತೇನೆ.

– ನಿವೃತ್ತ ಶಿಕ್ಷಕಿ, ಶಿವಮೊಗ್ಗ