ಉಳಿದ ಆ್ಯಂಟಿಬಯೋಟಿಕ್ ಸಿರಪ್ ಬಗ್ಗೆ, ಎಲ್ಲ ಅಪ್ಪ ಅಮ್ಮಂದಿರಿಗೆ

ಎಲ್ಲರಿಗೂ ನಮಸ್ಕಾರ. ಈ ವಾರ ನಮ್ಮ ಮಕ್ಕಳಲ್ಲಿ ಸುಮಾರು ಜನಕ್ಕೆ ಶೀತ, ಕೆಮ್ಮು. "ಹೋದ ಸಲದ ಆ್ಯಂಟಿಬಯೋಟಿಕ್ ಉಳಿದಿದೆ, ಯಾರಿಗಾದರೂ ಬೇಕಾ?" ಅಂತ ಇಲ್ಲೊಬ್ಬರು ಕೇಳಿದ್ದರು. ಒಳ್ಳೆ ಮನಸ್ಸಿನಿಂದಲೇ ಕೇಳಿದ್ದು. ಆದರೂ ದಯವಿಟ್ಟು ಕೊಡಬೇಡಿ, ತೆಗೆದುಕೊಳ್ಳಲೂ ಬೇಡಿ.

ನೆಗಡಿ ಬರುವುದು ವೈರಸ್‌ನಿಂದ. ಆ್ಯಂಟಿಬಯೋಟಿಕ್ ಕೆಲಸ ಮಾಡುವುದು ಬ್ಯಾಕ್ಟೀರಿಯಾ ಮೇಲೆ ಮಾತ್ರ. ಸಿಂಬಳ ಹಸಿರಾಯಿತು ಅಂತಲೂ ಶುರು ಮಾಡುವ ಹಾಗಿಲ್ಲ. ಸುಮ್ನೆ ಕೊಟ್ಟರೆ ಭೇದಿ, ಮೈಮೇಲೆ ಗಂಧೆ ಬರಬಹುದು. ನನಗೆ ಜಾಸ್ತಿ ಭಯ ಇನ್ನೊಂದರದ್ದು: ಬ್ಯಾಕ್ಟೀರಿಯಾ ಔಷಧಿಗೆ ಬಗ್ಗದ ಹಾಗೆ ಆಗಿಬಿಟ್ಟರೆ, ನಾಳೆ ನಿಜವಾಗಿ ನ್ಯುಮೋನಿಯಾ ಬಂದಾಗ ಅದೇ ಔಷಧಿ ನಾಟುವುದಿಲ್ಲ.

ನಿನ್ನೆ ನಮ್ಮ ಫ್ರಿಜ್ ಬಾಗಿಲಲ್ಲೇ ಒಂದು ಹಳೇ ಬಾಟಲಿ ಸಿಕ್ಕಿತು. ತಳದಲ್ಲಿ ಹಳದಿ ಗಸಿ ಕಟ್ಟಿತ್ತು. ಪುಡಿಗೆ ನೀರು ಬೆರೆಸಿದ ಅಮಾಕ್ಸಿಸಿಲಿನ್-ಕ್ಲಾವುಲನಿಕ್ ಅನ್ನೋ ಆ್ಯಂಟಿಬಯೋಟಿಕ್ ಸಿರಪ್ ಫ್ರಿಜ್‌ನಲ್ಲಿಟ್ಟರೂ ಸಾಮಾನ್ಯವಾಗಿ ಒಂದು ವಾರವಷ್ಟೇ ಬಾಳುತ್ತದೆ. ಡೋಸ್ ಕೂಡ ಆಯಾ ಮಗುವಿನ ತೂಕ ನೋಡಿ ಬರೆದದ್ದು ಅಲ್ವಾ? ನಿಮ್ಮ ಮನೆಯಲ್ಲೂ ಇಂಥ ಹಳೇ ಬಾಟಲಿ ಇದೆಯಾ ಅಂತ ಒಮ್ಮೆ ಹುಡುಕಿ.

ಡಾಕ್ಟರ್ ಹತ್ತಿರ "ಆ್ಯಂಟಿಬಯೋಟಿಕ್ ಕೊಡಿ" ಅನ್ನಬೇಡಿ. "ಬೇಕೇ ಬೇಕಾ, ಎರಡು ದಿನ ನೋಡಬಹುದಾ?" ಅಂತ ಕೇಳಿ. ಅವರು ಬರೆದುಕೊಟ್ಟರೆ ಹೇಳಿದಷ್ಟು ದಿನ ಕೊಡಿ.

ಉಸಿರು ವೇಗವಾಗಿದ್ದರೆ, ಪಕ್ಕೆ ಒಳಗೆ ಎಳೆಯುತ್ತಿದ್ದರೆ, ಮಗು ನೀರೂ ಕುಡಿಯದೆ ಮಂಕಾಗಿದ್ದರೆ ಕಾಯಬೇಡಿ. ಮೂರು ತಿಂಗಳೊಳಗಿನ ಕೂಸಿಗೆ ಜ್ವರ ಬಂದರಂತೂ ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಕರೆದೊಯ್ಯಿರಿ. ಗಾಡಿ ಬೇಕಾದರೆ ನನಗೆ ಫೋನ್ ಮಾಡಿ.