ಪರ್ಸಿ ಕಲ್ಲಿಗೆ ಆಸಿಡ್ ಹಾಕಬೇಡಿ

ಮಾನ್ಯರೇ,

ದೀಪಾವಳಿಗೆ ಮುಂಚೆ ನಮ್ಮ ಹಳೆಯ ಕಲ್ಲಿನ ಮನೆಯ ಹೊರಗೋಡೆ, ಅಂಗಳ ತೊಳೆಸಿದೆ. ಪ್ರೆಶರ್ ಯಂತ್ರ ತಂದವರು ಕಲೆ ಹೋಗಲೆಂದು ಮೊದಲು ಆಸಿಡ್ ಸುರಿದರು. ಅಂಗಳಕ್ಕೆ ಹಾಸಿದ ನಮ್ಮ ಶಹಾಬಾದ್ ಪರ್ಸಿ ಸುಣ್ಣದ ಕಲ್ಲು, ಅಲ್ವಾ? ಆಸಿಡ್ ಬಿದ್ದರೆ ನೊರೆ ಎದ್ದು ಮೇಲ್ಪದರ ಕರಗುತ್ತದೆ. ಅಪ್ಪ ಹಾಕಿಸಿದ ಅಂಗಳದ ನುಣುಪು ಒಂದೇ ಗಂಟೆಯಲ್ಲಿ ಹೋಯಿತು. ನೀರಿನ ರಭಸಕ್ಕೆ ಗೋಡೆಯ ಸಂದಿನ ಗಾರೆಯೂ ಉದುರಿತು. ತುಂಬಾ ಸಂಕಟವಾಯಿತು.

ಅಂಗಳವನ್ನು ನಾವೇ ತೊಳೆಯಬಹುದು. ನೀರು, ನಾರಿನ ಬ್ರಷ್, ಸ್ವಲ್ಪ ಸೋಪು ಸಾಕು. ಮಹಡಿ ಗೋಡೆಗೆ ಮಾತ್ರ ಏಣಿ ಹತ್ತಿ ಯಂತ್ರ ಹಿಡಿಯಬೇಡಿ, ಅದು ಹಿಂದಕ್ಕೆ ತಳ್ಳುತ್ತದೆ. ಅದಕ್ಕೆ ಕೆಲಸ ಗೊತ್ತಿರುವವರನ್ನೇ ಕರೆಯಿರಿ. ಆದರೆ ಮೂಲೆಯಲ್ಲಿ ಅಂಗೈಯಷ್ಟು ಜಾಗ ತೊಳೆದು ತೋರಿಸಲು ಮೊದಲೇ ಹೇಳಿ. ನಾನು ಹೇಳಲಿಲ್ಲ.

– ನಿವೃತ್ತ ಶಿಕ್ಷಕಿ, ಕಲಬುರಗಿ