ಮ್ಯಾಂಚೆಸ್ಟರಿನಲ್ಲಿರುವ ಮಗಳಿಗೊಂದು ಪತ್ರ

ಹುಬ್ಬಳ್ಳಿ

ಚಿರಂಜೀವಿ ಮಗಳಿಗೆ ಅಪ್ಪನ ಅನೇಕ ಆಶೀರ್ವಾದಗಳು.

ನೀನು ಹೊರಡುವ ಹಿಂದಿನ ರಾತ್ರಿ ಊಟದ ಹೊತ್ತಿನಲ್ಲಿ ನಮ್ಮಿಬ್ಬರ ನಡುವೆ ಆದ ಮಾತನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ. ಅದು ನಿನಗೂ ನೆನಪಿದೆ, ನನಗೂ ನೆನಪಿದೆ. ಕಳೆದ ಭಾನುವಾರ ನೀನು ಫೋನ್ ಮಾಡಿದಾಗ ನಾನು ಮಾತನಾಡದೆ ಅದನ್ನು ನಿಮ್ಮವ್ವನ ಕೈಗೆ ಕೊಟ್ಟುಬಿಟ್ಟೆ. ಅಂದಿನಿಂದ ಮನಸ್ಸಿಗೆ ಸಮಾಧಾನವಿಲ್ಲ. 34 ವರ್ಷ ವರ್ಕ್‌ಶಾಪಿನಲ್ಲಿ ರೈಲಿನ ಗಾಲಿಗಳನ್ನು ಲೇತಿಗೆ ಕೂರಿಸಿ, ಸವೆದ ಅಂಚಿನಿಂದ ಉಕ್ಕು ನೀಲಿ ಸುರುಳಿಯಾಗಿ ಹೊಗೆಯಾಡುತ್ತ ಕಳಚಿ ಬೀಳುವುದನ್ನು ನೋಡುತ್ತಲೇ ಬದುಕಿದವನು ನಾನು. ರೈಲು ಯಾರ ಹೊಟ್ಟೆ ತುಂಬಿಸಿತು ಎಂದು ನನ್ನ ಮಗಳೇ ಕೇಳಿದಾಗ ಸಿಟ್ಟು ಬಂತು. ಆ ಪ್ರಶ್ನೆಗೆ ಉತ್ತರವನ್ನು ಈ ಹದಿನೈದು ದಿನ ಕಾಗದ ಪೆನ್ನು ಹಿಡಿದು ಲೆಕ್ಕ ಹಾಕುತ್ತ ಕುಳಿತಿದ್ದೇನೆ.

ನಿಮ್ಮ ಊರಿನ ಲಿವರ್‌ಪೂಲ್ ರೋಡ್ ನಿಲ್ದಾಣವನ್ನು ನೋಡಲು ಹೋಗುವುದಾಗಿ ನಿಮ್ಮವ್ವನಿಗೆ ಹೇಳಿದೆಯಂತೆ. ಅದು ಲಿವರ್‌ಪೂಲ್–ಮ್ಯಾಂಚೆಸ್ಟರ್ ರೈಲು ಮಾರ್ಗದ 1830ರ ಕಟ್ಟಡ, ಅದರ ಎದುರಿನ ಸರಕಿನ ಗೋದಾಮೂ ಅದೇ ಕಾಲದ್ದು. ಅದಕ್ಕೆ ಮೊದಲು ಲಿವರ್‌ಪೂಲ್ ಬಂದರಿನಲ್ಲಿ ಇಳಿದ ಹತ್ತಿ ಮ್ಯಾಂಚೆಸ್ಟರಿನ ಗಿರಣಿಗಳಿಗೆ ಕಾಲುವೆಯ ದೋಣಿಗಳಲ್ಲಿ ಬರಬೇಕಿತ್ತು. ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟಿದರೆ, ಬೇಸಿಗೆಯಲ್ಲಿ ನೀರು ಇಳಿದರೆ, ಕೇವಲ 50 ಕಿಲೋಮೀಟರ್ ದೂರಕ್ಕೆ ವ್ಯಾಪಾರಿಗಳು ದಿನಗಟ್ಟಲೆ ಕಾಯುತ್ತಿದ್ದರು. ಇದಕ್ಕೂ ಐದು ವರ್ಷ ಮೊದಲು, 1825ರಲ್ಲಿ, ಸ್ಟಾಕ್ಟನ್–ಡಾರ್ಲಿಂಗ್ಟನ್ ಮಾರ್ಗವನ್ನು ಹಾಕಿದ್ದೇ ಕಲ್ಲಿದ್ದಲಿಗಾಗಿ, ಮತ್ತು ಕೆಲವೇ ವರ್ಷಗಳಲ್ಲಿ ಸ್ಟಾಕ್ಟನ್ನಿನಲ್ಲಿ ಇದ್ದಲಿನ ಬೆಲೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಇವೆಲ್ಲ ನಿನ್ನ ಚರಿತ್ರೆಯ ಪುಸ್ತಕಗಳಲ್ಲಿ ಇರುತ್ತವೆ.

ನಾನು ಲೆಕ್ಕ ಹಾಕಿದ್ದು ರೈಲು ಹೊತ್ತ ಸರಕನ್ನಲ್ಲ, ರೈಲೇ ತಿಂದ ಕಬ್ಬಿಣವನ್ನು. ಲಿವರ್‌ಪೂಲ್–ಮ್ಯಾಂಚೆಸ್ಟರ್ ಮಾರ್ಗದ ಮೊದಲ ಹಳಿಗಳ ತೂಕ ಗಜಕ್ಕೆ 35 ಪೌಂಡ್, ಅಂದರೆ ಮೀಟರಿಗೆ ಸುಮಾರು 17 ಕಿಲೋ; ಇಂದು ನಮ್ಮಲ್ಲಿ ಹಾಕುವ ಹಳಿ ಮೀಟರಿಗೆ 60 ಕಿಲೋ ತೂಗುತ್ತದೆ. ಅಷ್ಟು ಸಪೂರವಾದ ಹಳಿಯಾದರೂ ಹೋಗುವ ಬರುವ ಎರಡು ದಾರಿ ಸೇರಿ ಒಂದು ಕಿಲೋಮೀಟರಿಗೆ ಸುಮಾರು 70 ಟನ್ ಕಬ್ಬಿಣ ಬೇಕು. ಅವು ಎಂಜಿನ್ನಿನ ಭಾರಕ್ಕೆ ತಾಳದೆ ಹತ್ತು ವರ್ಷದೊಳಗೆ ಹೋಗಿ, ಅವುಗಳ ಜಾಗಕ್ಕೆ ಹೆಚ್ಚು ತೂಕದವು ಬಂದವು. 1850ರ ಹೊತ್ತಿಗೆ ಬ್ರಿಟನ್ನಿನಲ್ಲಿ ಸುಮಾರು 6,000 ಮೈಲಿ ಮಾರ್ಗ ತೆರೆದಿತ್ತು. ಆ ಕಬ್ಬಿಣಕ್ಕಾಗಿ ವೇಲ್ಸಿನ ಡೌಲೈಸ್‌ನಂಥ ಕಡೆ ಕುಲುಮೆಗಳು ಹಗಲುರಾತ್ರಿ ಉರಿದವು, ಕುಲುಮೆಗೆ ಕಲ್ಲಿದ್ದಲು ಬೇಕಾಯಿತು, ಇದ್ದಲು ಸಾಗಿಸಲು ಮತ್ತೆ ಹಳಿ ಬೇಕಾಯಿತು. ಕಬ್ಬಿಣ ಬೇಗ ಸವೆಯುತ್ತದೆ ಎಂಬ ಕಾರಣಕ್ಕೆ 1857ರಲ್ಲಿ ಡರ್ಬಿಯಲ್ಲಿ ಉಕ್ಕಿನ ಹಳಿ ಹಾಕಿ ನೋಡಿದರು. ನಾನು ಲೇತಿನ ಮೇಲೆ ತಿರುವಿದ ಉಕ್ಕಿನ ಗಾಲಿಯ ವಂಶಾವಳಿ ಅಲ್ಲಿಗೆ ಹೋಗಿ ಮುಟ್ಟುತ್ತದೆ.

ಈಗ ನನ್ನನ್ನು ನಿದ್ದೆ ಮಾಡಲು ಬಿಡದ ಒಂದು ವಿಷಯ ಬರೆಯಬೇಕು. 1830ರ ಸೆಪ್ಟೆಂಬರ್ 15ರಂದು ಆ ಮಾರ್ಗ ಉದ್ಘಾಟನೆಯಾಯಿತು. ನೀರು ತುಂಬಿಸಿಕೊಳ್ಳಲು ರೈಲು ಪಾರ್ಕ್‌ಸೈಡ್‌ನಲ್ಲಿ ನಿಂತಾಗ ಹಲವರು ಕೆಳಗಿಳಿದರು. ಅವರಲ್ಲಿ ಲಿವರ್‌ಪೂಲಿನ ಸಂಸದ ವಿಲಿಯಂ ಹಸ್ಕಿಸನ್ ಒಬ್ಬರು; ರೈಲು ಬೇಕೆಂದು ವಾದಿಸಿದವರೇ ಅವರು. ಪಕ್ಕದ ಹಳಿಯ ಮೇಲೆ ರಾಕೆಟ್ ಎಂಜಿನ್ ಬಂತು. ಅದಕ್ಕೆ ಬ್ರೇಕ್ ಇರಲಿಲ್ಲ. ಗಾಬರಿಯಾದ ಅವರು ಬೋಗಿಯ ಬಾಗಿಲನ್ನು ಹಿಡಿದುಕೊಂಡರು, ಬಾಗಿಲು ಹೊರಕ್ಕೆ ತೆರೆದುಕೊಂಡು ಅವರನ್ನು ಎಂಜಿನ್ನಿನ ದಾರಿಗೇ ಒಯ್ದಿತು. ಕಾಲು ಜಜ್ಜಿಹೋಯಿತು. ಇನ್ನೊಂದು ಎಂಜಿನ್ನಿಗೆ ಜೋಡಿಸಿದ ಬಂಡಿಯಲ್ಲಿ ಮಲಗಿಸಿ, ಜಾರ್ಜ್ ಸ್ಟೀಫನ್‌ಸನ್ ಅವರೇ ಗಂಟೆಗೆ ಸುಮಾರು 36 ಮೈಲಿ ವೇಗದಲ್ಲಿ ಎಕಲ್ಸ್ ಊರಿಗೆ ಮುಟ್ಟಿಸಿದರೂ ಆ ರಾತ್ರಿ ಅವರು ತೀರಿಕೊಂಡರು. ಕುದುರೆಯ ವೇಗವನ್ನಷ್ಟೇ ಅಳೆದು ಗೊತ್ತಿದ್ದ ಕಣ್ಣಿಗೆ, ಎದುರು ಬರುತ್ತಿರುವ ಎಂಜಿನ್ ಎಷ್ಟು ಹತ್ತಿರವಿದೆ ಎಂಬುದು ತಿಳಿಯಲಿಲ್ಲ.

ನಿನಗೆ ಆಗ ಆರು ವರ್ಷ. ಜಾತ್ರೆಗೆ ಹೊರಟಿದ್ದೆವು, ಗಾಡಿ ಕ್ರಾಸಿಂಗಿಗೆಂದು ಒಂದು ಸಣ್ಣ ನಿಲ್ದಾಣದಲ್ಲಿ ನಿಂತಿತ್ತು. ನಿನ್ನ ಒಂದು ಚಪ್ಪಲಿ ಪ್ಲಾಟ್‌ಫಾರ್ಮ್ ಇಲ್ಲದ ಮಗ್ಗುಲಿಗೆ ಬಿದ್ದಿತ್ತು, ನೀನು ಬಾಗಿಲಿನ ಕಂಬಿ ಹಿಡಿದು ಇಳಿದೇಬಿಟ್ಟಿದ್ದೆ. ನಾನು ತೋಳು ಹಿಡಿದು ಎಳೆದುಕೊಂಡ ಮೇಲೆ ಎದುರು ಗಾಡಿ ಆ ಹಳಿಯ ಮೇಲೆ ಬಂತು. ಎಷ್ಟು ಕ್ಷಣದ ಮೇಲೆ ಎಂದು ಇಂದಿಗೂ ಎಣಿಸುತ್ತೇನೆ. ಒಮ್ಮೆ ಹತ್ತು ಎನಿಸುತ್ತದೆ, ಒಮ್ಮೆ ಮೂರು. ನಿನ್ನ ಕೆನ್ನೆಗೆ ಹೊಡೆದೆ. ನೀನು ಅಳಲಿಲ್ಲ, ಬರಿಗಾಲನ್ನು ಇನ್ನೊಂದು ಕಾಲಿನ ಮೇಲಿಟ್ಟುಕೊಂಡು ಕಿಟಕಿಯ ಹೊರಗೆ ನೋಡುತ್ತ ಕುಳಿತೆ. ಆ ಏಟಿಗೆ ನಾನು ಎಂದೂ ಕ್ಷಮೆ ಕೇಳಿಲ್ಲ. ಈಗ ಕೇಳುತ್ತಿದ್ದೇನೆ, ತಾಯಿ. ಅಂದು ಹೆದರಿಕೆ ಹೊಡೆತವಾಯಿತು; ಮೊನ್ನೆ ರಾತ್ರಿಯೂ ಹಾಗೆಯೇ ಹೆದರಿಕೆಯೇ ಕೂಗಾಟವಾಯಿತು. ಅಲ್ಲಿ ಗಾಡಿ ಪೂರ್ತಿ ನಿಲ್ಲುವ ಮೊದಲು ಏಳಬೇಡ. ಅಂಚಿನ ಹಳದಿ ಗೆರೆ ದಾಟಬೇಡ, ಕಿವಿಗೆ ಹಾಡಿನ ತಂತಿ ಸಿಕ್ಕಿಸಿಕೊಂಡು ಪ್ಲಾಟ್‌ಫಾರ್ಮಿನಲ್ಲಿ ನಡೆಯಬೇಡ, ಎಷ್ಟೇ ಅವಸರವಿದ್ದರೂ ಮುಂದಿನ ಗಾಡಿ ಇದ್ದೇ ಇರುತ್ತದೆ.

ಇನ್ನು ನಿನ್ನ ಪ್ರಶ್ನೆ. ನಮ್ಮ ಧಾರವಾಡ ಸೀಮೆಯ ಹತ್ತಿ ಎತ್ತಿನ ಬಂಡಿಗಳಲ್ಲಿ ಘಟ್ಟ ಇಳಿದು ಕುಮಟಾ ಬಂದರಿಗೆ ಹೋಗುತ್ತಿದ್ದ ಕಾರಣ, ಲಿವರ್‌ಪೂಲಿನ ಪೇಟೆಯಲ್ಲಿ ಅದಕ್ಕೆ ಕುಮಟಾ ಹತ್ತಿ ಎಂದೇ ಹೆಸರಿತ್ತು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಹೊತ್ತಿಕೊಂಡು ನಿಮ್ಮ ಮ್ಯಾಂಚೆಸ್ಟರ್ ಸುತ್ತಲಿನ ಲ್ಯಾಂಕಾಶೈರಿನ ಗಿರಣಿಗಳಿಗೆ ಅಲ್ಲಿನ ಹತ್ತಿ ಬರುವುದು ನಿಂತಾಗ, ಅವರ ಕಣ್ಣು ನಮ್ಮ ಎರೆ ಹೊಲಗಳ ಮೇಲೆ ಇನ್ನಷ್ಟು ಬಿತ್ತು. 1853ರಲ್ಲಿ ಮುಂಬಯಿಯ ಬೋರಿಬಂದರಿನಿಂದ ಠಾಣೆಗೆ ಮೊದಲ ಗಾಡಿ ಓಡಿದ ಮೇಲೆ ಹಳಿ ಬಂತು, ಎಂಜಿನ್ ಬಂತು, ಎರಡೂ ಹಡಗಿನಲ್ಲಿ ಬ್ರಿಟನ್ನಿನಿಂದಲೇ ಬಂದವು. ಹಣ ಹೂಡಿದವರಿಗೆ ವರ್ಷಕ್ಕೆ ನೂರಕ್ಕೆ 5ರ ಲಾಭದ ಖಾತರಿಯನ್ನು ನಮ್ಮ ತೆರಿಗೆಯಿಂದ ಕೊಟ್ಟರು. ಈ ನೆಲದಲ್ಲಿ ಪೂರ್ತಿಯಾಗಿ ತಯಾರಾದ ಮೊದಲ ಎಂಜಿನ್ ಅಜ್ಮೀರಿನಿಂದ ಹೊರಬಿದ್ದದ್ದು 1895ರಲ್ಲಿ. ನಡುವೆ 42 ವರ್ಷ. ಹಳಿಯ ಹಸಿವಿನಿಂದಲೇ ಅಲ್ಲಿ ಕುಲುಮೆಗಳು ಬೆಳೆದವು ಎಂದು ಮೇಲೆ ನಾನೇ ಬರೆದೆನಲ್ಲ, ನಮ್ಮ ಹಳಿಗಳ ಹಸಿವೂ ಬಹುಕಾಲ ಆ ಕುಲುಮೆಗಳನ್ನೇ ಬೆಳೆಸಿತು. ನಮ್ಮ ಪಾಲಿಗೆ ಬಂದದ್ದು ಹೆಚ್ಚಾಗಿ ದುರಸ್ತಿ. ನಿನ್ನ ಮಾತು ಸರಿ.

ಆದರೂ ಒಂದು ಮಾತು ಕೇಳು. ನಿನ್ನ ಮುತ್ತಜ್ಜ ಮಳೆ ಹೋದ ವರ್ಷ ಊರು ಬಿಟ್ಟು ಬಂದು ಇಲ್ಲಿನ ವರ್ಕ್‌ಶಾಪಿನಲ್ಲಿ ಸುತ್ತಿಗೆ ಹಿಡಿದರು. ಪರರ ಎಂಜಿನ್ನನ್ನು ಬಿಚ್ಚಿ ಜೋಡಿಸುತ್ತಲೇ ಕಣ್ಣಳತೆಯಲ್ಲಿ ಕೂದಲೆಳೆಯ ವ್ಯತ್ಯಾಸ ಹಿಡಿಯುವ ವಿದ್ಯೆ ಕಲಿತರು, ಅದನ್ನು ಮಗನಿಗೂ ಮೊಮ್ಮಗನಿಗೂ ಕೊಟ್ಟರು. ನೀನು ಬರೆಯುವ ಚರಿತ್ರೆಯಲ್ಲಿ ಆ ಕೈಗಳಿಗೂ ಒಂದು ಪುಟ ಇರಲಿ ಎಂದು ಆಸೆ. ಲಿವರ್‌ಪೂಲಿಗೆ ಹೋಗುವಾಗ ಪಾರ್ಕ್‌ಸೈಡ್‌ನಲ್ಲಿ ಹಳಿಯ ಪಕ್ಕ ಹಸ್ಕಿಸನ್ನರ ಸ್ಮಾರಕವಿದೆ. ಅದನ್ನು ಕುಳಿತಲ್ಲಿಂದಲೇ ನೋಡು.

ಮುಂದಿನ ಭಾನುವಾರ ನೀನು ಫೋನ್ ಮಾಡಿದಾಗ ನಾನು ಅದನ್ನು ನಿಮ್ಮವ್ವನ ಕೈಗೆ ಕೊಡುವುದಿಲ್ಲ.

ನಿನ್ನ ಅಪ್ಪ